ಅಕ್ಕನನ್ನು ಎಡಕ್ಕೆ ಸರಿಸಿದ್ದು

ನಮ್ಮ ಪತ್ರಿಕೆಯ ವೆಬ್ ಪುಟಕ್ಕೆ ಅಕ್ಕನ ನಿವೃತ್ತಿಯ ಸುದ್ದಿ ಹಾಕಿದ್ದು ನಾನು. ಅದರಲ್ಲಿ ಒಂದೂ ಕಾಗುಣಿತದ ತಪ್ಪಿರಲಿಲ್ಲ. ಇದನ್ನು ಮೊದಲೇ ಹೇಳುತ್ತಿರುವುದು ನನ್ನನ್ನು ಸಮರ್ಥಿಸಿಕೊಳ್ಳುವುದಕ್ಕಲ್ಲ. ಆಮೇಲೆ ನಡೆದದ್ದಕ್ಕೆ ಅಕ್ಷರಗಳನ್ನು ಯಾರೂ ದೂರಬಾರದು, ಅಷ್ಟೆ.

ಹತ್ತೊಂಬತ್ತು ವರ್ಷ ನಾನು ಕರಡು ತಿದ್ದುವವಳಾಗಿದ್ದೆ. ನಮ್ಮ ಕಚೇರಿ ಒಂದು ಕನ್ನಡಕದ ಅಂಗಡಿಯ ಮೇಲಿದೆ; ಕಣ್ಣು ಕೆಟ್ಟರೆ ಇಳಿದುಹೋದರಾಯಿತು ಎಂದು ಸಂಪಾದಕರು ಹೊಸಬರಿಗೆಲ್ಲ ಹೇಳುತ್ತಾರೆ. ನನ್ನನ್ನು ಅವರು ಅಲ್ಪವಿರಾಮ ಎಂದು ಕರೆಯುತ್ತಾರೆ. ನಾನು ಎಲ್ಲದಕ್ಕೂ ಒಂದು ಗಳಿಗೆ ನಿಲ್ಲುತ್ತೇನಂತೆ. ನಿಲ್ಲುವುದು ನಿಜ. ಅಚ್ಚಿನ ಪುಟಗಳು ಹದಿನಾರರಿಂದ ಎಂಟಕ್ಕೆ ಇಳಿದಾಗ, ವೆಬ್ ಪುಟ ನೋಡಿಕೊಳ್ಳುವವರು ಒಬ್ಬರು ಬೇಕು, ಕಲಿತು ಬಂದರೆ ನೀವೇ ಇರಿ ಎಂದರು. ನಾನು ಸಂಜೆ ತರಗತಿಗೆ ಸೇರಿದೆ. ವಾರಕ್ಕೆ ಮೂರು ಸಂಜೆಯಂತೆ ಏಳು ತಿಂಗಳು, ಹತ್ತು ವರ್ಷದ ಮಕ್ಕಳಿಗಾಗಿ ಮಾಡಿಸಿದ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು ಕೂತು ಕಲಿತೆ. ಕಲಿತಿದ್ದೇನೆ ಎಂಬ ಪ್ರಮಾಣಪತ್ರ ಇದೆ. ಕಲಿತಿದ್ದೇನೆಯೇ ಎಂಬ ಅನುಮಾನವೂ ಇದೆ.

ಅಲ್ಲಿ ಪಾಠ ಹೇಳುತ್ತಿದ್ದವರು ಹಗಲು ಗಣಿತದ ಮೇಷ್ಟ್ರು. ವೆಬ್ ಪುಟದ ಬರಹ ಒಂದು ಕಡೆ ಇರುತ್ತದೆ, ಆ ಬರಹ ಹೇಗೆ ಕಾಣಬೇಕು ಎಂಬ ಅಪ್ಪಣೆಗಳೆಲ್ಲ ಸ್ಟೈಲ್ ಶೀಟ್ ಎಂಬ ಇನ್ನೊಂದು ಹಾಳೆಯಲ್ಲಿ ಇರುತ್ತವೆ ಎಂದು ಅವರು ಮೊದಲ ದಿನವೇ ಹೇಳಿದ್ದರು. "ಸ್ಟೈಲ್ ಶೀಟ್ ಅಂದ್ರೆ ಮನೇಲಿ ಅಜ್ಜಿ ಇದ್ದ ಹಾಗೆ. ಒಂದ್ಸಲ ಹೇಳಿದ್ರೆ ಆ ಹೆಸರಿನೋರೆಲ್ಲ ಕೇಳ್ಬೇಕು. ನಿನಗೆ ಹೇಳಿಲ್ಲ, ಅವನಿಗೆ ಹೇಳಿದ್ದು ಅನ್ನೋ ಹಾಗಿಲ್ಲ." ನಾನು ಇದನ್ನು ಬರೆದುಕೊಂಡಿದ್ದೆ. ಅಡಿಗೆರೆಯನ್ನೂ ಎಳೆದಿದ್ದೆ.

ಸಾಲುಗಳನ್ನು ಎಲ್ಲಿ ನಿಲ್ಲಿಸಬೇಕು ಎಂದು ಹೇಳುವ ಅಪ್ಪಣೆಗೆ ಟೆಕ್ಸ್ಟ್ ಅಲೈನ್ ಎಂದು ಹೆಸರು. ಅದಕ್ಕೆ ನಾಲ್ಕು ಉತ್ತರ. ಲೆಫ್ಟ್ ಎಂದರೆ ಸಾಲುಗಳೆಲ್ಲ ಎಡಗೋಡೆಗೆ ಒರಗುತ್ತವೆ, ರೈಟ್ ಎಂದರೆ ಬಲಗೋಡೆಗೆ. ಸೆಂಟರ್ ಎಂದರೆ ಪ್ರತಿ ಸಾಲೂ ನಟ್ಟನಡುವೆ. ಜಸ್ಟಿಫೈ ಎಂದರೆ ಎರಡೂ ಗೋಡೆ ಮುಟ್ಟುವ ತನಕ ಪದಗಳನ್ನು ಎಳೆದು ಹಿಗ್ಗಿಸುವುದು. ಅಚ್ಚಿನ ಪತ್ರಿಕೆಯಲ್ಲಿ ಸುದ್ದಿಗಳೆಲ್ಲ ಎರಡೂ ಕಡೆ ಸಮ. ನಡುವೆ ನಿಲ್ಲುವುದು ನಿಧನ ವಾರ್ತೆ ಮಾತ್ರ: ಮೇಲೆ ಫೋಟೊ, ಕೆಳಗೆ ಹೆಸರು, ಅದರ ಕೆಳಗೆ ಎರಡು ಇಸವಿ, ನಡುವೆ ಒಂದು ಗೆರೆ. ಹತ್ತೊಂಬತ್ತು ವರ್ಷ ನಾನು ಅವನ್ನು ತಿದ್ದಿದ್ದೇನೆ. ಆದರೆ ನಡು ಎಂಬುದು ಸತ್ತವರಿಗೆ ಮೀಸಲು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನಾನು ಗಮನಿಸಿರಲೂ ಇಲ್ಲ. ನಮ್ಮ ಮೂಗು ನಮಗೆ ಕಾಣುವುದಿಲ್ಲವಲ್ಲ, ಹಾಗೆ.

ಈಗ ಅಕ್ಕನ ವಿಷಯ. ಅಕ್ಕ ನನಗಿಂತ ಹದಿನಾರು ವರ್ಷ ದೊಡ್ಡವಳು. ನನ್ನನ್ನು ಓದಿಸಿದ್ದು, ಹೆದರಿಸಿದ್ದು, ಹೆದರಬೇಡ ಎಂದು ಬೈದದ್ದು ಎಲ್ಲ ಅವಳೇ. ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತೆಂಟು ವರ್ಷ ನರ್ಸ್ ಆಗಿದ್ದಳು. ಆಪರೇಷನ್ ಥಿಯೇಟರಿನಲ್ಲಿ ಅವಳ ಗೆಳತಿ ಒಬ್ಬರಿದ್ದರು. ನಾನು ಅವರನ್ನು ಥಿಯೇಟರ್ ಅಕ್ಕ ಎನ್ನುತ್ತೇನೆ. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು, ಒಂದೇ ಕೊಡೆಯಲ್ಲಿ ನೆನೆದವರು. ಹನ್ನೊಂದು ವರ್ಷದಿಂದ ಅವರಿಬ್ಬರಿಗೆ ಮಾತಿಲ್ಲ.

ಒಂದು ತುರ್ತು ಆಪರೇಷನ್ನಿಗೆ ಕೈ ಸಾಲದೆ ಅಕ್ಕನನ್ನು ಥಿಯೇಟರಿಗೆ ಕರೆದಿದ್ದರು. ಹೊಟ್ಟೆ ಹೊಲಿಯುವ ಮೊದಲು ರಕ್ತ ಒರೆಸಿದ ಬಟ್ಟೆಯ ತುಂಡುಗಳನ್ನು ಇಬ್ಬರು ಎಣಿಸಬೇಕು. ಥಿಯೇಟರ್ ಅಕ್ಕ ಮೂವತ್ತು ಎಂದರು. ಅಕ್ಕ ಇಪ್ಪತ್ತೊಂಬತ್ತು ಎಂದಳು. ನಲವತ್ತು ನಿಮಿಷ ಎಲ್ಲರೂ ಕೈ ಎತ್ತಿಕೊಂಡು ನಿಂತರು. ಎಕ್ಸ್-ರೇ ಆಯಿತು. ಹೊಟ್ಟೆಯೊಳಗೆ ಏನೂ ಇರಲಿಲ್ಲ. ಎರಡು ತುಂಡು ಒಂದಕ್ಕೊಂದು ಅಂಟಿಕೊಂಡಿದ್ದವು, ಅಕ್ಕ ಅವನ್ನು ಒಂದು ಎಂದು ಎಣಿಸಿದ್ದಳು. ಥಿಯೇಟರ್ ಅಕ್ಕ, ಎಲ್ಲರ ಮುಂದೆ ನನ್ನ ಲೆಕ್ಕದ ಮೇಲೆ ಅನುಮಾನ ಪಟ್ಟಳು ಎಂದರು. ಅಕ್ಕ, ಅನುಮಾನ ಪಡುವುದಕ್ಕೇ ಇಬ್ಬರನ್ನು ಇಟ್ಟಿರುವುದು ಎಂದಳು. ಎರಡೂ ನಿಜ. ಅದಕ್ಕೇ ಹನ್ನೊಂದು ವರ್ಷ ಹಿಡಿಯಿತು.

ಥಿಯೇಟರ್ ಅಕ್ಕ ಎರಡು ವರ್ಷದ ಹಿಂದೆ ನಿವೃತ್ತರಾಗಿ ತಮ್ಮನ ಮನೆಗೆ ಹೋದರು. ಇಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆಯ ಹಾದಿ.

ಅಕ್ಕನ ನಿವೃತ್ತಿಯ ವಾರ, ವಾರ್ಡಿನವರು ಫೋಟೊ ಮತ್ತು ನಾಲ್ಕು ಸಾಲು ಬರೆದು ನನಗೆ ಕಳಿಸಿದರು. ಅಕ್ಕ ಬಟ್ಟೆ ಮಡಚುತ್ತಾ, ನನ್ನ ಕಡೆ ನೋಡದೆ, "ನಿಮ್ಮ ಪೇಪರ್ ಫೋನಲ್ಲಿ ಎಲ್ಲ ಊರಲ್ಲೂ ಕಾಣುತ್ತಾ?" ಎಂದು ಕೇಳಿದಳು.

"ಕಾಣುತ್ತೆ."

"ಎರಡು ಗಂಟೆ ದೂರದ ಊರಲ್ಲೂ?"

"ದೂರಕ್ಕೂ ಅದಕ್ಕೂ ಸಂಬಂಧ ಇಲ್ಲ ಅಕ್ಕ."

"ಸುಮ್ನೆ ಕೇಳಿದೆ ಕಣೇ. ಏನೂ ಕೇಳೋ ಹಾಗಿಲ್ಲ ನಿನ್ನನ್ನ." ಅವಳು ಟವೆಲ್ಲನ್ನು ಮತ್ತೆ ಬಿಚ್ಚಿ ಮಡಚಿದಳು.

ಆಗ ನನಗೆ ಅರ್ಥವಾಯಿತು. ಆ ಸುದ್ದಿ ಒಬ್ಬರ ಕಣ್ಣಿಗೆ ಬೀಳಬೇಕಾಗಿತ್ತು. ಬಿದ್ದ ಮೇಲೆ ಅವರು ಒಂದು ಫೋನಾದರೂ ಮಾಡಬೇಕಾಗಿತ್ತು. ಅಕ್ಕ ತಾನಾಗಿ ಮಾಡುವವಳಲ್ಲ. ಹಾಗಾಗಿ ಎಲ್ಲ ನನ್ನ ಪುಟದ ಮೇಲೆ ನಿಂತಿತ್ತು.

ವಾರ್ಡಿನವರು ಬರೆದದ್ದು ಇಷ್ಟು: ಅಕ್ಕನ ಹೆಸರು. ಅದರ ಕೆಳಗೆ ೧೯೮೬ – ೨೦೨೪. ಆಮೇಲೆ, "ಸಾವಿರಾರು ಮಕ್ಕಳನ್ನು ಈ ಲೋಕಕ್ಕೆ ಬರಮಾಡಿಕೊಂಡ ನಮ್ಮ ಪ್ರೀತಿಯ ಸಿಸ್ಟರ್ ಸುದೀರ್ಘ ಸೇವೆಯ ಬಳಿಕ ವಿಶ್ರಾಂತಿಗೆ ತೆರಳಿದರು. ಅವರ ನಗು ನಮ್ಮ ನಡುವೆ ಎಂದೆಂದೂ ಉಳಿಯಲಿದೆ."

ಮೊದಲು ಎರಡೂ ಕಡೆ ಸಮ ಮಾಡಿ ನೋಡಿದೆ. ಫೋನಿನ ಅಗಲ ಕಡಿಮೆ, ನಮ್ಮ ಪದಗಳ ಉದ್ದ ಜಾಸ್ತಿ. 'ಬರಮಾಡಿಕೊಂಡ' ಎಂಬುದು ಒಂದು ಗೋಡೆ ಹಿಡಿಯಿತು, 'ನಮ್ಮ' ಎಂಬುದು ಇನ್ನೊಂದು ಗೋಡೆ ಹಿಡಿಯಿತು. ಮದುವೆಮನೆಯಲ್ಲಿ ಮಾತು ಬಿಟ್ಟ ನೆಂಟರ ಹಾಗೆ ಎದುರುಬದುರು ಮೂಲೆಯಲ್ಲಿ ನಿಂತವು. ಮಾತು ಬಿಟ್ಟವರ ವಿಷಯದಲ್ಲಿ ಇದು ಬೇಡ ಅನ್ನಿಸಿತು. ಎಡಕ್ಕೆ ಹಾಕಿದೆ. ಬಾಡಿಗೆಗೆ ಮನೆ ಇದೆ ಎಂಬ ಜಾಹೀರಾತಿನ ಹಾಗೆ ಕಂಡಿತು. ನಡುವೆ ಹಾಕಿದೆ. ಎಷ್ಟು ಗಂಭೀರವಾಗಿ, ಎಷ್ಟು ಗೌರವದಿಂದ ನಿಂತಿತೆಂದರೆ ನನಗೇ ಕಣ್ಣು ತುಂಬಿ ಬಂತು. ಯಾಕೆ ತುಂಬಿ ಬಂತು ಎಂದು ಆಗಲೇ ಯೋಚಿಸಬೇಕಿತ್ತು.

ನಡುವೆ ನಿಲ್ಲಿಸುವ ಅಪ್ಪಣೆ ನಮ್ಮ ಸ್ಟೈಲ್ ಶೀಟಿನಲ್ಲಿ ಮೊದಲೇ ಇತ್ತು, 'ನಿಧನ' ಎಂಬ ಹೆಸರಿನ ಕೆಳಗೆ. ಹೊಸದೊಂದು ಬರೆದು ತಪ್ಪು ಮಾಡುವುದಕ್ಕಿಂತ ಇರುವುದನ್ನೇ ಬಳಸುವುದು ಕ್ಷೇಮ ಎಂದುಕೊಂಡು ಅಕ್ಕನ ಪೆಟ್ಟಿಗೆಗೂ, ಅಂದರೆ ಪುಟದಲ್ಲಿ ಅವಳ ಸುದ್ದಿ ಕೂರುವ ಚೌಕಕ್ಕೂ, ಅದೇ ಹೆಸರು ಕೊಟ್ಟೆ. ಆ ಹೆಸರು ಓದುಗರಿಗೆ ಕಾಣುವುದಿಲ್ಲ. ಏಳು ಸಲ ಕರಡು ನೋಡಿದೆ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಹಾಕಿದೆ.

ಹತ್ತಕ್ಕೆ ಅಕ್ಕ ಫೋನ್ ಮಾಡಿದಳು.

"ನಾನು ಸತ್ತಿದ್ದೀನಂತೆ. ನಿನಗೇನಾದ್ರೂ ಗೊತ್ತಾ?"

"ಯಾರು ಹೇಳಿದ್ರು?"

"ಮೇಲಿನ ಮನೆ ಟೈಲರ್. ಬಾಗಿಲು ತಟ್ಟಿದ. ತೆಗೆದೆ. 'ತಂಗಿಯವರು ಇದ್ದಾರಾ, ಮಾತಾಡಿಸ್ಕೊಂಡು ಹೋಗೋಣಾಂತ ಬಂದೆ' ಅಂದ. ಆಮೇಲೆ ನನ್ನ ಮುಖ ನೋಡಿ ಅಲ್ಲೇ ಮೆಟ್ಟಿಲ ಮೇಲೆ ಕೂತ. ನೀರು ಕೊಟ್ಟೆ. 'ಅಲ್ಲ ಸಿಸ್ಟರ್, ಮೂವತ್ತೆಂಟಕ್ಕೇ ಹೋಗ್ಬಿಟ್ರಲ್ಲಾಂತ ಸಂಕಟ ಆಗಿತ್ತು, ಆದ್ರೆ ಫೋಟೋದಲ್ಲಿ ಜಾಸ್ತಿ ವಯಸ್ಸು ಕಾಣುತ್ತಲ್ಲಾಂತಲೂ ಅನ್ನಿಸ್ತು' ಅಂದ. ಅವನ ನಾಡಿ ನೋಡಿ ಕಳಿಸಿದೆ."

ನಾನು ಪುಟವನ್ನು ತೆರೆದು ನೋಡಿದೆ. ಮೊದಲ ಬಾರಿಗೆ, ಓದದೆ, ಬರೀ ನೋಡಿದೆ. ಅಕ್ಕ ತೀರಿಕೊಂಡಿದ್ದಳು. ಅನುಮಾನವೇ ಇರಲಿಲ್ಲ.

ಸ್ಟೈಲ್ ಶೀಟಿನಲ್ಲಿ ಸೆಂಟರ್ ಎಂಬುದನ್ನು ಅಳಿಸಿ ಲೆಫ್ಟ್ ಎಂದು ಬರೆದೆ. ಅಕ್ಕ ಎಡಕ್ಕೆ ಸರಿದು ಬದುಕಿಕೊಂಡಳು. ಉಸಿರು ಬಿಟ್ಟೆ.

ಅರ್ಧ ಗಂಟೆಯಲ್ಲಿ ಸಂಪಾದಕರು ನನ್ನ ಮೇಜಿನ ಬಳಿ ಬಂದು ನಿಂತರು. ಅವರು ಎಂದೂ ಧ್ವನಿ ಏರಿಸುವುದಿಲ್ಲ. ಅದೇ ಕಷ್ಟ.

"ಏನ್ರೀ ಅಲ್ಪವಿರಾಮ, ಒಬ್ರು ಫೋನ್ ಮಾಡಿದ್ರು. 'ನಮ್ಮಪ್ಪ ನಿನ್ನೆ ತನಕ ನಡುವೆ ಇದ್ರು, ಇವತ್ತು ಮೂಲೆಗೆ ತಳ್ಳಿದ್ದೀರಿ, ಏನು ಕಾರಣ' ಅಂತಾರೆ. ನಾನು ಏನು ಕಾರಣ ಹೇಳ್ಲಿ?"

ಅಜ್ಜಿ ಒಂದು ಸಲ ಹೇಳಿದರೆ ಆ ಹೆಸರಿನವರೆಲ್ಲ ಕೇಳಬೇಕು. ಆ ವಾರದ ನಿಧನ ವಾರ್ತೆಗಳೆಲ್ಲ ಅಕ್ಕನ ಜೊತೆ ಎಡಕ್ಕೆ ಸರಿದಿದ್ದವು.

"ಎಷ್ಟು ಜನ ಸರಿದಿದ್ದಾರೆ?" ಎಂದು ಕೇಳಿದರು.

"ಹದಿನಾಲ್ಕು ಸರ್."

"ಅದರಲ್ಲಿ ಬದುಕಿರೋರು?"

"ಒಬ್ರು ಸರ್. ನಮ್ಮಕ್ಕ."

ಅವರು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. "ಹದಿಮೂರು ಮನೆಯವರ ದುಃಖದ ಪ್ರಶ್ನೆ. ಮೊದಲು ಅವರನ್ನ ನಡುವೆ ನಿಲ್ಸಿ. ಆಮೇಲೆ ಅಕ್ಕನ್ನ ಪ್ರತ್ಯೇಕವಾಗಿ ಎಬ್ಬಿಸಿ."

ಹಾಗೇ ಮಾಡಿದೆ. ಅಂದರೆ ಅಕ್ಕ ಎರಡನೇ ಸಲ ತೀರಿಕೊಂಡಳು. ಈ ಬಾರಿ ಅವಳ ಪೆಟ್ಟಿಗೆಗೆ 'ನಿವೃತ್ತಿ' ಎಂಬ ಎರಡನೇ ಹೆಸರನ್ನೂ ಕೊಟ್ಟು, ಅದರ ಕೆಳಗೆ ಬೇರೆ ಅಪ್ಪಣೆ ಬರೆದೆ. ಸಾಲುಗಳ ನಡುವಿನ ಅಂತರ ಇಷ್ಟು, ಸಾಲುಗಳು ಎಡಕ್ಕೆ. ಅಕ್ಕ ಅಲುಗಾಡಲಿಲ್ಲ. ಇಪ್ಪತ್ತೈದು ನಿಮಿಷ ಹುಡುಕಿದ ಮೇಲೆ ಮೊದಲ ಅಪ್ಪಣೆಯ ಕೊನೆಗೆ ಅರ್ಧವಿರಾಮ ಹಾಕಿಲ್ಲದಿರುವುದು ಕಂಡಿತು. ಅದಿಲ್ಲದಿದ್ದರೆ ಕಂಪ್ಯೂಟರು ಎರಡು ಅಪ್ಪಣೆಗಳನ್ನು ಒಂದೇ ಎಂದು ತಿಳಿದು ಎರಡನ್ನೂ ಬಿಟ್ಟುಬಿಡುತ್ತದೆ. ಹತ್ತೊಂಬತ್ತು ವರ್ಷ ಊರಿನವರ ಅರ್ಧವಿರಾಮ ತಿದ್ದಿದವಳು ನಾನು. ಈ ವಿಷಯವನ್ನು ಸಂಪಾದಕರಿಗೆ ಹೇಳಲಿಲ್ಲ.

ಹನ್ನೊಂದೂಕಾಲಿಗೆ ಅಕ್ಕ ಎಡಕ್ಕೆ ಬಂದಳು, ಉಳಿದವರು ನಡುವೆ ಉಳಿದರು. ಕೆಲವು ಫೋನುಗಳು ಹಳೆಯ ಸ್ಟೈಲ್ ಶೀಟನ್ನೇ ನೆನಪಿಟ್ಟುಕೊಂಡಿರುತ್ತವೆ. ಅಂಥವರ ಪಾಲಿಗೆ ಅಕ್ಕ ಸಂಜೆಯ ತನಕ ತೀರಿಕೊಂಡೇ ಇದ್ದಳು. ಸಂಪಾದಕರು, "ಆರು ಗಂಟೆಯೊಳಗೆ ಒಂದು ತಿದ್ದುಪಡಿ ಬರೆದು ಹಾಕಿ, ಈಗ ಮನೆಗೆ ಹೋಗಿ ಅಕ್ಕನ್ನ ಕಣ್ಣಾರೆ ನೋಡಿ ಬನ್ನಿ" ಎಂದರು. ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಹೊರಟೆ.

ಅಕ್ಕ ಹೊರಕೋಣೆಯಲ್ಲಿ ಇದ್ದಬದ್ದ ಕುರ್ಚಿಗಳನ್ನೆಲ್ಲ ಗೋಡೆಗೆ ಸಾಲಾಗಿ ಇಟ್ಟು, ಇಸ್ತ್ರಿ ಮಾಡಿದ ಸೀರೆ ಉಟ್ಟು ಕೂತಿದ್ದಳು.

"ಒಂಬತ್ತು ಜನ ಬಂದುಹೋದ್ರು," ಎಂದಳು. "ಔಷಧಿ ಅಂಗಡಿಯವನು ಅತ್ತ. ಅವನು ಅಳ್ತಾನೇಂತ ನಾನು ಅಂದ್ಕೊಂಡಿರ್ಲಿಲ್ಲ. ಎದುರುಮನೆಯವಳು ಬಂದಿಲ್ಲ, ನೋಡ್ಕೋತೀನಿ."

"ತಪ್ಪಾಯ್ತು ಅಕ್ಕ."

"ಮುಖ ಹಾಗೆ ಮಾಡ್ಕೋಬೇಡ. ಸತ್ತಿರೋಳು ನಾನು." ಆಮೇಲೆ, ಕುರ್ಚಿಯ ಹಿಡಿಯನ್ನು ಸೆರಗಿನಿಂದ ಒರೆಸುತ್ತಾ, "ಬೇರೆ ಊರಿಂದ ಯಾರ ಫೋನೂ ಬಂದಿಲ್ಲ," ಎಂದಳು.

ಸುದ್ದಿ ತಲುಪಬೇಕಾದವರಿಗೆ ತಲುಪಿದೆ, ತಲುಪಿಯೂ ಅವರು ಸುಮ್ಮನಿದ್ದಾರೆ ಎಂದು ಅವಳು ತಿಳಿದುಕೊಂಡಿದ್ದಾಳೆ ಎಂದು ನನಗೆ ಅನ್ನಿಸಿತು. ಸತ್ತರೂ ಬರಲಿಲ್ಲ ಎಂದಾದರೆ ಇನ್ನು ಯಾವುದಕ್ಕೆ ಬಂದಾರು? ಅದಕ್ಕೆ ಕಾರಣ ನಾನು. ಬರೀ ನಿವೃತ್ತಿ ಎಂದಿದ್ದರೆ ಬರದಿದ್ದರೂ ನಡೆಯುತ್ತಿತ್ತು.

ಆಗ ಬಾಗಿಲು ಸದ್ದಾಯಿತು. ಅಕ್ಕ ಎದ್ದು ತೆಗೆದಳು.

ಹೊರಗೆ ಥಿಯೇಟರ್ ಅಕ್ಕ. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಬಿಳಿ ಹೂವಿನ ಕಟ್ಟು. ಕಣ್ಣು ಊದಿತ್ತು. ಒಂದು ಕಾಲಿನ ಚಪ್ಪಲಿ ಒಂದು ಬಣ್ಣ, ಇನ್ನೊಂದರದು ಇನ್ನೊಂದು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಾನು ನಿಲ್ಲುವುದೋ ಕೂರುವುದೋ ತಿಳಿಯದೆ ಅರ್ಧ ಎದ್ದಿದ್ದೆ.

"ಬಾ," ಎಂದಳು ಅಕ್ಕ. "ಚಪ್ಪಲಿ ಬೇರೆಬೇರೆ ಹಾಕ್ಕೊಂಡು ಬಂದಿದ್ದೀಯ."

ಥಿಯೇಟರ್ ಅಕ್ಕ ಒಳಗೆ ಬಂದು ಮೊದಲ ಕುರ್ಚಿಯಲ್ಲಿ ಕೂತರು. ಹೂವನ್ನು ತೊಡೆಯ ಮೇಲಿಟ್ಟುಕೊಂಡರು. ಅಕ್ಕ ಕೊಟ್ಟ ನೀರನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಮಾತು ಬಂತು.

"ಸೀರೆ ಚೆನ್ನಾಗಿದೆ."

"ಬಂದೋರ ಮುಂದೆ ಕೂರ್ಬೇಕಲ್ಲ."

"ಕುರ್ಚಿ ಎಲ್ಲ ಸಾಲಾಗಿ ಇಟ್ಟಿದ್ದೀಯ."

"ಇಟ್ಟಿದ್ದೀನಿ."

"ಹನ್ನೊಂದು ವರ್ಷ ಒಂದು ಮಾತು ಆಡದೆ ಈಗ ಸತ್ತೆ ಅಂತ ಹಾಕಿಸಿ ಕರೆಸ್ಕೊಂಡೆಯಾ? ತಂಗಿ ಪೇಪರಲ್ಲಿದ್ದಾಳೇಂತ?" ಅವರು ಎದ್ದುನಿಂತರು. "ನಾಚಿಕೆ ಆಗಲ್ವಾ? ಬಸ್ಸಲ್ಲಿ ಪಕ್ಕದ ಗಂಡಸು ನನಗೆ ಕರ್ಚೀಫ್ ಕೊಟ್ಟ! ಗೊತ್ತಿಲ್ಲದೋನ ಕರ್ಚೀಫು!"

"ನಿನ್ನನ್ನ ಕರೆಸ್ಕೊಳ್ಳೋಕೆ ನಾನು ಸಾಯ್ಬೇಕಾ?" ಎಂದಳು ಅಕ್ಕ. "ಅಷ್ಟು ದೊಡ್ಡೋಳಲ್ಲ ನೀನು."

"ಐದೂಹತ್ತಕ್ಕೆ ಬಸ್ಸಿದೆ. ಅಲ್ಲಿ ತನಕ ನಿಲ್ದಾಣದಲ್ಲಿ ಕೂತಿರ್ತೀನಿ."

ಅವರು ಬಾಗಿಲಿಗೆ ಹೋದರು. ಅಕ್ಕ ತಡೆಯಲಿಲ್ಲ. ಅಕ್ಕ ತಡೆಯುವವಳಲ್ಲ ಎಂದು ಇಬ್ಬರಿಗೂ ಗೊತ್ತು. ಹಾಗಾಗಿ ನಾನು ಹೋಗಿ ಬಾಗಿಲಿಗೆ ಅಡ್ಡ ನಿಂತೆ. ನಾನು ಯಾರಿಗೂ ಎಲ್ಲಿಯೂ ಅಡ್ಡ ನಿಂತವಳಲ್ಲ. ಕಾಲು ಹೇಗೆ ಇಡಬೇಕು ಎಂಬುದೂ ತಿಳಿಯಲಿಲ್ಲ.

"ತಪ್ಪು ನಂದು ಥಿಯೇಟರ್ ಅಕ್ಕ. ನಿಧನ ಅಂತ ಎಲ್ಲೂ ಬರೆದಿಲ್ಲ. ನಡುವೆ ಇಟ್ಟೆ, ಅಷ್ಟೆ."

"ಏನನ್ನ ನಡುವೆ ಇಟ್ಟೆ?"

"ಸಾಲುಗಳನ್ನ."

"ಸಾಲು ನಡುವೆ ಇದ್ರೆ ಜನ ಸಾಯ್ತಾರಾ ಮರಿ? ಮೂವತ್ತೈದು ವರ್ಷ ಥಿಯೇಟರಲ್ಲಿದ್ದೆ. ಹಾಗೆ ಸತ್ತೋರನ್ನ ನೋಡಿಲ್ಲ."

"ತೋರಿಸ್ತೀನಿ. ಐದೇ ನಿಮಿಷ."

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಅವರು ಕೂರಲಿಲ್ಲ, ಚೀಲ ಹೆಗಲಲ್ಲೇ ಇತ್ತು. ಅಕ್ಕ ಎರಡು ಮಾರು ದೂರ ನಿಂತು ಗೋಡೆಯ ಕಡೆ ಮುಖ ಮಾಡಿದ್ದಳು, ಆದರೆ ಕಣ್ಣು ಇತ್ತ ಇತ್ತು. ನನ್ನ ಬಳಿ ಇದ್ದ ಪ್ರತಿಯಲ್ಲಿ ಸೆಂಟರ್ ಎಂದು ಬರೆದು ತೋರಿಸಿದೆ.

ಥಿಯೇಟರ್ ಅಕ್ಕನ ಮುಖ ಇಳಿಯಿತು. "ಹೂಂ. ಇದೇ. ಇದನ್ನ ನೋಡೇ ನಾನು..." ಎಂದು ನಿಲ್ಲಿಸಿದರು.

ಲೆಫ್ಟ್ ಎಂದು ಬರೆದೆ. ಅವರು ಬಗ್ಗಿ ಮೊದಲಿನಿಂದ ಕೊನೆಯ ತನಕ ಬೆರಳಿಟ್ಟು ಓದಿದರು.

"ಅಕ್ಷರ ಒಂದೂ ಬದಲಾಗಿಲ್ಲ."

"ಇಲ್ಲ."

"ಆದ್ರೂ ಈಗ ರಿಟೈರ್ ಆಗಿದ್ದಾಳೆ."

"ಹೌದು."

"ಇನ್ನೊಂದ್ಸಲ ಸಾಯಿಸು."

ಸಾಯಿಸಿದೆ. ಬದುಕಿಸಿದೆ. ಮೂರು ಸಲ ಮಾಡಿಸಿದರು. ನಾನು ವಿವರಿಸುವುದಕ್ಕೆ ಹೊರಟೆ. "ಇಲ್ಲಿ ಪೆಟ್ಟಿಗೆ ಅಲ್ಲಾಡಲ್ಲ ಥಿಯೇಟರ್ ಅಕ್ಕ, ಪೆಟ್ಟಿಗೆಯೊಳಗೆ ಇರೋದು ಮಾತ್ರ..."

"ಪೆಟ್ಟಿಗೆ ಮಾತು ಬಿಡು. ಬಲಕ್ಕೆ ಹಾಕಿದ್ರೆ?"

ರೈಟ್ ಎಂದು ಬರೆದೆ.

"ಇದೇನು, ರಾಜೀನಾಮೆ ಕೊಟ್ಟ ಹಾಗಿದೆ."

"ಅವಳು ಯಾವತ್ತು ರಾಜೀನಾಮೆ ಕೊಟ್ಟಾಳು," ಎಂದು ಗೋಡೆಯ ಕಡೆಯಿಂದ ಅಕ್ಕ, ತನ್ನ ಬಗ್ಗೆಯೇ, ಬೇರೆ ಯಾರೋ ಎಂಬಂತೆ ಹೇಳಿದಳು.

ಥಿಯೇಟರ್ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತು ಯೋಚಿಸಿದರು. "ನಾನು ಬಸ್ಸಲ್ಲಿ ಮೂರು ಸಲ ತೆಗೆದು ನೋಡಿದೆ. ಹೊರಡೋವಾಗ ನಡುವೆ ಇತ್ತು. ಹಾಲಿನ ಡೈರಿ ಹತ್ರ ಬಂದಾಗ ಎಡಕ್ಕೆ ಹೋಗಿತ್ತು, ಅರೆ ಇದು ಏನೋ ಬೇರೆ ಅನ್ನಿಸ್ತು. ಸೇತುವೆ ದಾಟೋವಾಗ ಮತ್ತೆ ನಡುವೆ. ಕಣ್ಣಲ್ಲಿ ನೀರು ಅಂದ್ಕೊಂಡೆ. ಫೋನ್ ಮುಚ್ಚಿಬಿಟ್ಟೆ."

ಅದು ಯಾಕೆ ಹಾಗಾಯಿತು ಎಂದು ಹೇಳಿದೆ. ಹದಿಮೂರು ಜನರ ವಿಷಯ ಹೇಳಿದೆ. ಅರ್ಧವಿರಾಮದ ವಿಷಯವನ್ನೂ ಹೇಳಿದೆ.

ಅವರು ನನ್ನನ್ನು ಬಹಳ ಹೊತ್ತು ನೋಡಿದರು. "ಮೋಸ ಮಾಡೋರು ಇಷ್ಟು ಪೆದ್ದುಪೆದ್ದಾಗಿ ಮಾಡಲ್ಲ," ಎಂದರು. "ಒಂದ್ಸಲ ಸಾಯಿಸಿ ಸುಮ್ನಿರ್ತಾರೆ." ಚೀಲವನ್ನು ಹೆಗಲಿಂದ ಇಳಿಸಿ ಮೇಜಿನ ಮೇಲಿಟ್ಟರು. ನನಗೆ ಇಷ್ಟು ಸಮಾಧಾನ ಕೊಟ್ಟ ಬೈಗುಳ ಬೇರೊಂದಿಲ್ಲ.

ಆದರೆ ಅಷ್ಟಕ್ಕೆ ಏನೂ ಆದಂತಾಗಿರಲಿಲ್ಲ. ಅಕ್ಕ ಒಂದು ಕಡೆ, ಅವರು ಒಂದು ಕಡೆ, ನಡುವೆ ಸಾಲು ಕುರ್ಚಿಗಳು. ಗಂಟೆ ಒಂದೂವರೆ. ಊಟ ಮಾಡಿ ಎಂದೆ, ಹಸಿವಿಲ್ಲ ಎಂದರು. ನೀನು ಊಟ ಮಾಡು ಅಕ್ಕ ಎಂದೆ, ಸತ್ತವರಿಗೆ ಹಸಿವಿರಲ್ಲ ಎಂದಳು.

"ಬಸ್ಸಲ್ಲಿ ಕೂತು ಫೋನಲ್ಲಿ ಒಂದಿಷ್ಟು ಬರೆದೆ," ಎಂದರು ಥಿಯೇಟರ್ ಅಕ್ಕ ನನ್ನ ಕಡೆ ತಿರುಗಿ. "ನಿಮ್ಮ ಪೇಪರಿಗೆ ಕೊಡೋಣಾಂತ. ಇವಳ ಬಗ್ಗೆ. ಈಗ ಅಳಿಸ್ಬೇಕು, ಹೇಗೆ ಅಳಿಸೋದು ಹೇಳು."

"ಏನು ಬರೆದಿದ್ದೀಯ?" ಎಂದಳು ಅಕ್ಕ. ಈ ಬಾರಿ ಗೋಡೆಯ ಕಡೆ ನೋಡಲಿಲ್ಲ.

"ಸತ್ತೋರಿಗೆ ಬರೆದದ್ದು. ಬದುಕಿರೋರಿಗೆ ಓದೋಕಾಗಲ್ಲ."

"ಸರಿ. ನಾನು ಒಳಗೆ ಹೋಗ್ತೀನಿ. ಅವಳಿಗೆ ಓದು. ಅವಳು ತಪ್ಪು ತಿದ್ದುತ್ತಾಳೆ. ಅದೇ ಕೆಲಸ ಅವಳದ್ದು."

ಅಕ್ಕ ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದಳು. ಪಾತ್ರೆಗಳೆಲ್ಲ ಬೆಳಿಗ್ಗೆಯೇ ತೊಳೆದಾಗಿತ್ತು.

ಥಿಯೇಟರ್ ಅಕ್ಕ ಕನ್ನಡಕ ಹಾಕಿಕೊಂಡರು. ಓದುವಾಗ ಅವರ ಧ್ವನಿ ಔಷಧಿ ಚೀಟಿ ಓದುವ ಹಾಗಿತ್ತು.

"'ಇವಳು ಹಠಮಾರಿ. ಹೆರಿಗೆ ವಾರ್ಡಿನಲ್ಲಿ ಇವಳಷ್ಟು ಬೈಯುವವರು ಇರಲಿಲ್ಲ, ಇವಳೇ ಬೇಕು ಎಂದು ಕೇಳದವರೂ ಇರಲಿಲ್ಲ. ನನ್ನ ತಾಯಿ ತೀರಿಕೊಂಡಾಗ ಹದಿನಾಲ್ಕು ದಿನ ನನ್ನ ಡ್ಯೂಟಿಯನ್ನೂ ಇವಳೇ ಮಾಡಿದಳು, ಮಾಡಿದೆ ಎಂದು ಒಂದು ದಿನವೂ ಹೇಳಲಿಲ್ಲ. ಹನ್ನೊಂದು ವರ್ಷದ ಹಿಂದೆ ನಾನು ಇವಳ ಜೊತೆ ಮಾತು ಬಿಟ್ಟೆ.'"

ನಲ್ಲಿಯ ಸದ್ದು ನಿಂತಿತು.

"'ಆ ದಿನ ಎಣಿಸುವಾಗ ನನ್ನ ಮನಸ್ಸು ಅಲ್ಲಿರಲಿಲ್ಲ. ನನ್ನ ಲೆಕ್ಕ ಸರಿ ಬಂದದ್ದು ಅದೃಷ್ಟ. ನಾನು ಎಚ್ಚರವಾಗಿರಲಿಲ್ಲ. ಅದು ಇವಳಿಗೆ ನನ್ನ ಮುಖ ನೋಡಿಯೇ ಗೊತ್ತಾಗಿತ್ತು, ಅದಕ್ಕೇ ನಿಲ್ಲಿಸಿದಳು. ನನಗೆ ಸಿಟ್ಟು ಬಂದದ್ದು ಇವಳು ತಪ್ಪು ಎಣಿಸಿದ್ದಕ್ಕಲ್ಲ. ಇದನ್ನು ಇವಳಿಗೆ ಹೇಳಬೇಕಾಗಿತ್ತು.'"

ಅವರು ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು. "ಅಷ್ಟೇ. ತಪ್ಪಿದೆಯಾ?"

"ಇಲ್ಲ," ಎಂದೆ. ನಿಜವಾಗಿ ಎರಡು ಕಡೆ ಕಾಗುಣಿತ ಹೇಗಿದೆಯೋ ಎಂದು ನೋಡಬೇಕಿತ್ತು. ಕೇಳಲಿಲ್ಲ.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಕೈ ಒದ್ದೆ ಇತ್ತು, ಒರೆಸಿಕೊಂಡಿರಲಿಲ್ಲ.

"ಹಠಮಾರಿ ಅಂತ ಯಾಕೆ ಹಾಕಿದೆ?"

"ಅಲ್ವಾ?"

"ಸತ್ತೋರ ಬಗ್ಗೆ ಹಾಗೆಲ್ಲ ಬರೀಬಾರದು."

"ಬದುಕಿರೋರ ಬಗ್ಗೆ ಬರೀಬಹುದು ತಾನೆ?"

ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನಿನ್ನ ಮುಖ ನೋಡಿದ್ದು ಹೌದು," ಎಂದಳು. "ಆದ್ರೆ ಎಣಿಸಿದ್ದು ನಾನೇ ತಪ್ಪು. ಎರಡು ಅಂಟ್ಕೊಂಡಿದ್ವು. ಬಿಡಿಸಿ ನೋಡ್ಬೇಕಿತ್ತು. ಇಪ್ಪತ್ತೇಳು ವರ್ಷದ ಸರ್ವೀಸು, ಬಿಡಿಸಿ ನೋಡ್ಲಿಲ್ಲ." ಆಮೇಲೆ, "ಅನ್ನ ಆರಿಹೋಗಿದೆ. ಬಿಸಿ ಮಾಡ್ತೀನಿ. ಹಸಿವಿಲ್ಲ ಅಂತ ಮತ್ತೆ ಅಂದ್ರೆ ನೋಡು."

ಮೂವರೂ ಊಟ ಮಾಡಿದೆವು. ಅವರಿಬ್ಬರೂ ಒಂದು ತಾಸು ಆಸ್ಪತ್ರೆಯ ಯಾವ ಯಾವ ಡಾಕ್ಟರು ಈಗ ಎಷ್ಟು ದಪ್ಪಗಾಗಿದ್ದಾರೆ ಎಂಬುದನ್ನು ಮಾತಾಡಿದರು. ನನ್ನ ತಿದ್ದುಪಡಿಗೆ ಆರು ಗಂಟೆಯ ಗಡುವಿತ್ತು. ಎಂಟು ಬಗೆಯಲ್ಲಿ ಬರೆದು ಎಂಟನ್ನೂ ಹೊಡೆದುಹಾಕಿದೆ. ಐದೂಹತ್ತಕ್ಕೆ ಬಸ್ಸು ಹೋಯಿತು. ಯಾರೂ ಗಡಿಯಾರ ನೋಡಲಿಲ್ಲ. ನಾನು ನೋಡಿದೆ, ಹೇಳಲಿಲ್ಲ.

"ಇನ್ನೂ ಏನು ಬರೀತಿದ್ದೀಯ ಮರಿ?" ಎಂದು ಥಿಯೇಟರ್ ಅಕ್ಕ ಕೇಳಿದರು.

"'ಇಂದು ಬೆಳಿಗ್ಗೆ ಪ್ರಕಟವಾದ ಸುದ್ದಿಯ ಸಾಲುಗಳು ಕಣ್ತಪ್ಪಿನಿಂದ ನಡುವಿಗೆ ಬಂದುದರಿಂದ ಓದುಗರಿಗೆ ಉಂಟಾಗಿರಬಹುದಾದ...'"

"ಯಾರಿಗೆ ಅರ್ಥ ಆಗುತ್ತೆ ಅದು? ಬರ್ಕೋ. 'ನಮ್ಮ ಸಿಸ್ಟರ್ ನಿವೃತ್ತರಾಗಿದ್ದಾರೆ. ನಿಧನರಾಗಿಲ್ಲ. ತಪ್ಪಿಗೆ ವಿಷಾದಿಸುತ್ತೇವೆ.' ಮುಗೀತು."

ಬರೆದುಕೊಂಡೆ. ಎಡಕ್ಕೆ ನಿಲ್ಲಿಸಿದೆ. ಮೂರು ಗಿಡ್ಡ ಸಾಲು, ಬಾಡಿಗೆ ಮನೆಯ ಜಾಹೀರಾತಿನ ಹಾಗೇ ಇತ್ತು. ಯಾರೂ ಅಳುವಂತಿರಲಿಲ್ಲ.

"'ಸದ್ಯಕ್ಕೆ ನಿಧನರಾಗಿಲ್ಲ' ಅಂತ ಹಾಕು," ಎಂದಳು ಅಕ್ಕ ಹಿಂದಿನಿಂದ. "ನಾಳೆ ನಿನಗೆ ಇನ್ನೊಂದು ತಿದ್ದುಪಡಿ ಹಾಕೋ ಕೆಲಸ ತಪ್ಪುತ್ತೆ."

"ಏ, ಬಾಯ್ಮುಚ್ಚೇ," ಎಂದರು ಥಿಯೇಟರ್ ಅಕ್ಕ.

ಅಕ್ಕ ಯಾರ ಮಾತಿಗೂ ಬಾಯಿ ಮುಚ್ಚಿದವಳಲ್ಲ. ಮುಚ್ಚಿದಳು.